ಬೇಕಂತಲೇ ಅಡ್ಡ ಬಂದನೇ, ತನ್ನ ಜಾಗದಲ್ಲೇ ನಿಂತಿದ್ದನೇ?

ರಾಜಾಜಿನಗರದ ಯಾವುದಾದರೂ ಒಂದು ಕ್ರಾಸಿನಲ್ಲಿ ಭಾನುವಾರ ಬೆಳಿಗ್ಗೆ ಹತ್ತು ನಿಮಿಷ ನಿಂತರೆ ಈ ಜಗಳ ಕಿವಿಗೆ ಬೀಳುವುದುಂಟು. ಒಂದು ಟೆನಿಸ್ ಚೆಂಡು, ಹಿಡಿಗೆ ಟೇಪು ಸುತ್ತಿದ ಹಳೆಯ ಬ್ಯಾಟು, ಇಟ್ಟಿಗೆ ಪೇರಿಸಿ ಮಾಡಿದ ವಿಕೆಟ್ಟು, ಬೌಲರ್ ತುದಿಯಲ್ಲಿ ಗುರುತಿಗೆ ಒಂದು ಕಲ್ಲು. ದಾಂಡಿಗನನ್ನು ದಾಟಿದ ಚೆಂಡು ಕೀಪರನ ಕೈ ಸೇರುತ್ತದೆ. ಆ ತುದಿಯ ಹುಡುಗ ಒಂದು ಓಟ ಕದಿಯುವ ಆಸೆಯಿಂದ ಆಗಲೇ ಅರ್ಧ ದಾರಿ ಬಂದಿರುತ್ತಾನೆ. ಕೀಪರ್ ಎದುರು ತುದಿಯ ಕಲ್ಲಿಗೆ ಗುರಿಯಿಟ್ಟು ಬೀಸಿ ಎಸೆಯುತ್ತಾನೆ. ಚೆಂಡು ದಾಂಡಿಗನ ಬೆನ್ನಿಗೆ ಬಡಿದು ಚರಂಡಿಗೆ ಉರುಳುತ್ತದೆ.

'ಬೇಕಂತಲೇ ಅಡ್ಡ ಬಂದ, ಔಟ್!'

'ಲೋ, ನಾನು ನನ್ನ ಜಾಗದಲ್ಲೇ ನಿಂತಿದ್ದೆ ಕಣೋ!'

ಹುಡುಗರ ಈ ಎರಡು ಕೂಗುಗಳ ಹಿಂದೆ ಶತಮಾನಗಳ ಇತಿಹಾಸವಿದೆ. ಮೊದಲನೆಯವನು ದಾಂಡಿಗನ ಮನಸ್ಸಿನ ಬಗ್ಗೆ ಮಾತನಾಡುತ್ತಿದ್ದಾನೆ. ಎರಡನೆಯವನು ಕಾಲ ಕೆಳಗಿನ ನೆಲದ ಬಗ್ಗೆ ಮಾತನಾಡುತ್ತಿದ್ದಾನೆ. ತಪ್ಪನ್ನು ಅಳೆಯಬೇಕಾದದ್ದು ಉದ್ದೇಶದಿಂದಲೋ, ಸ್ಥಳದಿಂದಲೋ? ಬ್ಯಾಟು ಮತ್ತು ಚೆಂಡಿನ ಎರಡು ದೊಡ್ಡ ಆಟದ ಕುಟುಂಬಗಳು ಈ ಪ್ರಶ್ನೆಗೆ ಎರಡು ಬೇರೆ ಉತ್ತರ ಕೊಟ್ಟಿವೆ. ಕ್ರಿಕೆಟ್ ಮೊದಲಿನಿಂದಲೂ ಹೆಚ್ಚಾಗಿ ಮನಸ್ಸನ್ನು ಕೇಳುತ್ತ ಬಂತು. ಬೇಸ್‌ಬಾಲ್ ಮತ್ತು ಅದರ ತಂಗಿ ಸಾಫ್ಟ್‌ಬಾಲ್ ನೆಲದ ಮೇಲೆ ಸುಣ್ಣದ ಗೆರೆ ಎಳೆದವು.

ಕ್ಯಾಚರನ ಕೆಲವು ಕ್ಷಣಗಳು

ಸಾಫ್ಟ್‌ಬಾಲ್ ನಮ್ಮ ಶಾಲಾ ಕ್ರೀಡಾಕೂಟಗಳಲ್ಲಿ, ವಿಶ್ವವಿದ್ಯಾಲಯಗಳ ನಡುವಣ ಪಂದ್ಯಗಳಲ್ಲಿ ಇರುವ ಆಟವೇ. ಆದರೂ ಕ್ರಿಕೆಟ್ಟಿನ ಗದ್ದಲದಲ್ಲಿ ಅದರ ನಿಯಮಗಳು ಅನೇಕರಿಗೆ ಅಪರಿಚಿತ. ಆದ್ದರಿಂದ ಮೊದಲು ಮೈದಾನದ ಪರಿಚಯ ಅಗತ್ಯ.

ವಜ್ರಾಕಾರದ ಅಂಗಳದ ನಾಲ್ಕು ಮೂಲೆಗಳಲ್ಲಿ ನಾಲ್ಕು ತಾಣಗಳಿವೆ. ದಾಂಡಿಗ ನಿಲ್ಲುವ ಮೂಲೆಗೆ ಹೋಮ್ ಪ್ಲೇಟ್ ಎಂದು ಹೆಸರು. ಉಳಿದ ಮೂರು ಮೊದಲ, ಎರಡನೇ ಮತ್ತು ಮೂರನೇ ಬೇಸ್‌ಗಳು. ಒಂದರಿಂದ ಇನ್ನೊಂದಕ್ಕೆ 60 ಅಡಿ. ಎಲ್ಲವನ್ನೂ ಸುತ್ತಿ ಮತ್ತೆ ಹೋಮ್ ಪ್ಲೇಟ್ ಮುಟ್ಟಿದರೆ ಒಂದು ಓಟ. ಚೆಂಡೆಸೆಯುವ ಪಿಚರ್ ಕೈಯನ್ನು ಕೆಳಗಿನಿಂದ ಬೀಸಿ ಎಸೆಯಬೇಕು. ಮಹಿಳೆಯರ ಆಟದಲ್ಲಿ ಆತನ ಬದಲಿಗೆ ಆಕೆ ನಿಲ್ಲುವುದು 43 ಅಡಿ ದೂರದಲ್ಲಿ, ಪುರುಷರ ಆಟದಲ್ಲಿ ಆ ದೂರ 46 ಅಡಿ. ಹೋಮ್ ಪ್ಲೇಟಿನ ಹಿಂದೆ, ಮುಖಕ್ಕೆ ಕಬ್ಬಿಣದ ಜಾಲರಿ ಕಟ್ಟಿಕೊಂಡು ಕುಕ್ಕರುಗಾಲಿನಲ್ಲಿ ಕೂರುವ ಆಟಗಾರ ಕ್ಯಾಚರ್. ನಮ್ಮ ವಿಕೆಟ್ ಕೀಪರನ ದಾಯಾದಿ ಎನ್ನಬಹುದು.

ಈಗ ಒಬ್ಬ ಓಟಗಾರ ಮೊದಲ ಬೇಸ್‌ನಲ್ಲಿ ನಿಂತಿದ್ದಾನೆ ಎಂದುಕೊಳ್ಳೋಣ. ಪಿಚರನ ಕೈಯಿಂದ ಚೆಂಡು ಬಿಟ್ಟ ಕ್ಷಣವೇ ಅವನು ಎರಡನೇ ಬೇಸ್‌ನತ್ತ ಓಟ ಕೀಳಬಹುದು. ದಾಂಡಿಗ ಚೆಂಡನ್ನು ಹೊಡೆಯಲೇಬೇಕೆಂದಿಲ್ಲ. ಇದಕ್ಕೆ ಬೇಸ್ ಕದಿಯುವುದು ಎಂದೇ ಹೆಸರು. ಕಳ್ಳನನ್ನು ಹಿಡಿಯುವ ಕೆಲಸ ಕ್ಯಾಚರನದು. ಅವನು ಚೆಂಡನ್ನು ಹಿಡಿದು, ಎದ್ದು, ಓಟಗಾರನಿಗಿಂತ ಮೊದಲು ಅದನ್ನು ಎರಡನೇ ಬೇಸ್‌ಗೆ ತಲುಪಿಸಬೇಕು. ಕರ್ಣರೇಖೆಯಲ್ಲಿ ಈ ದೂರ ಸುಮಾರು 84 ಅಡಿ 10 ಅಂಗುಲ. ಕ್ರಿಕೆಟ್ ಪಿಚ್ಚಿನ ಉದ್ದ 66 ಅಡಿ ಎಂಬುದನ್ನು ನೆನೆದರೆ ಆ ಎಸೆತದ ಕಷ್ಟ ತಿಳಿಯುತ್ತದೆ. ಇರುವ ಕಾಲಾವಕಾಶವೋ ಕೆಲವೇ ಸೆಕೆಂಡು.

ಆ ಕ್ಯಾಚರನ ಕಣ್ಣೆದುರಿಗೇ, ಬ್ಯಾಟು ಹಿಡಿದು ನಿಂತಿರುವವನು ದಾಂಡಿಗ. ಅವನು ಒಂದು ಹೆಜ್ಜೆ ಪಕ್ಕಕ್ಕಿಟ್ಟರೂ ಎಸೆಯುವ ಕೈಗೆ ಅಡ್ಡಿ. ಓಟಗಾರ ಮೂರನೇ ಬೇಸ್ ಕದಿಯಲು ಹೊರಟರೆ ಕಷ್ಟ ಇನ್ನೂ ಹೆಚ್ಚು. ಬಲಗೈ ದಾಂಡಿಗ ನಿಲ್ಲುವುದು ಸರಿಯಾಗಿ ಆ ಎಸೆತದ ದಾರಿಯಲ್ಲೇ.

ಹಾಗೆಂದು ದಾಂಡಿಗ ಎಲ್ಲಿಗೆ ಹೋಗಬೇಕು? ಮಾಯವಾಗಲು ಸಾಧ್ಯವಿಲ್ಲವಲ್ಲ! ಅದಕ್ಕಾಗಿ ಹೋಮ್ ಪ್ಲೇಟಿನ ಎರಡೂ ಬದಿಗೆ 7 ಅಡಿ ಉದ್ದ, 3 ಅಡಿ ಅಗಲದ ಒಂದೊಂದು ಬಾಕ್ಸ್ ಗುರುತಿಸಿರುತ್ತಾರೆ. ಅದು ದಾಂಡಿಗನ ನೆಲ. ಅದರೊಳಗೆ ಸುಮ್ಮನೆ ನಿಂತಿದ್ದರೆ, ಎಸೆತ ಬಂದು ಬಡಿದರೂ ಅದು ಅವನ ತಪ್ಪಲ್ಲ. ಅದರೊಳಗಿದ್ದುಕೊಂಡೇ ಬೇಕೆಂದು ಕೈಯನ್ನೋ ಬ್ಯಾಟನ್ನೋ ಚಾಚಿ ಅಡ್ಡಿ ಮಾಡಿದರೆ ಔಟ್. ಗೆರೆ ದಾಟಿ ಹೊರಗೆ ಕಾಲಿಟ್ಟು ಕ್ಯಾಚರನ ಎಸೆತಕ್ಕೆ ಅಡ್ಡಿಯಾದರಂತೂ ಉದ್ದೇಶದ ಪ್ರಶ್ನೆಯೇ ಇಲ್ಲ. ಜೋರಾಗಿ ಬೀಸಿ ಆಯ ತಪ್ಪಿ ಪ್ಲೇಟಿನ ಮೇಲೆ ಮುಗ್ಗರಿಸಿದರೂ ಔಟೇ. ಓಟಗಾರ ತಾನು ಹೊರಟಿದ್ದ ಬೇಸ್‌ಗೆ ಹಿಂತಿರುಗಬೇಕು. ಕದ್ದ ಮಾಲು ವಾಪಸು, ಕಳ್ಳನಿಗೆ ಸಹಾಯ ಮಾಡಿದವನಿಗೆ ಶಿಕ್ಷೆ.

ಇಲ್ಲೊಂದು ಸೂಕ್ಷ್ಮವಿದೆ. ಮೂರನೇ ಸ್ಟ್ರೈಕ್ ತಪ್ಪಿ ಆಗಲೇ ಔಟಾದ ದಾಂಡಿಗ ಅಡ್ಡ ಬಂದರೆ? ಸತ್ತವನನ್ನು ಮತ್ತೆ ಸಾಯಿಸಲಾಗದು. ಹಾಗಾಗಿ ಆಗ ಶಿಕ್ಷೆ ಓಟಗಾರನಿಗೆ. ಒಂದೇ ಏಟಿಗೆ ಇಬ್ಬರು ಔಟ್. ಔಟಾದವನು ಹೇಗೂ ಕಳೆದುಕೊಳ್ಳಲು ಏನೂ ಇಲ್ಲವೆಂದು ಅಡ್ಡ ನಿಲ್ಲುವ ಜಾಣತನಕ್ಕೆ ಇದು ಬೀಗ.

ಗೆರೆ ಹುಟ್ಟಿದ ಬಗೆ

ಬೇಸ್‌ಬಾಲ್‌ನ ಆರಂಭದ ಲಿಖಿತ ನಿಯಮಗಳೆಂದು ಪ್ರಸಿದ್ಧವಾದವು ನ್ಯೂಯಾರ್ಕಿನ ನಿಕರ್‌ಬಾಕರ್ ಕ್ಲಬ್ 1845ರಲ್ಲಿ ಬರೆದುಕೊಂಡ ಇಪ್ಪತ್ತು ನಿಯಮಗಳು. ಎದುರಾಳಿ ಚೆಂಡನ್ನು ಹಿಡಿಯದಂತೆ ತಡೆಯುವ ಓಟಗಾರ ಔಟ್ ಎಂಬ ಮಾತು ಅದರಲ್ಲೇ ಇತ್ತು. ಆದರೆ ಕ್ಯಾಚರ್ ಮತ್ತು ದಾಂಡಿಗನ ಜಗಳ ಆಗಿನ್ನೂ ದೊಡ್ಡದಾಗಿರಲಿಲ್ಲ. ಕಾರಣ ಸರಳ. ಕೈಗವಸು ಇಲ್ಲ, ಮುಖಕ್ಕೆ ಮರೆಯಿಲ್ಲ. ಬರಿಗೈಯ ಕ್ಯಾಚರ್ ದಾಂಡಿಗನಿಂದ ಬಹುದೂರ ಹಿಂದೆ ನಿಂತು, ನೆಲಕ್ಕೆ ಬಿದ್ದು ಪುಟಿದ ಚೆಂಡನ್ನು ಹಿಡಿಯುತ್ತಿದ್ದ. ಇಬ್ಬರ ನಡುವೆ ಬೇಕಾದಷ್ಟು ಜಾಗವಿತ್ತು.

ದಾಂಡಿಗ ನಿಲ್ಲಬೇಕಾದ ಬಾಕ್ಸ್ ನಿಯಮಕ್ಕೆ ಸೇರಿದ್ದು 1874ರಲ್ಲಿ. ಅದರ ಬೆನ್ನಿಗೇ ಹಾರ್ವರ್ಡ್ ವಿಶ್ವವಿದ್ಯಾಲಯದ ಆಟಗಾರ ಫ್ರೆಡ್ ಥೇಯರ್ ಕತ್ತಿವರಸೆಯವರು ತೊಡುವ ಜಾಲರಿಯನ್ನು ಹೋಲುವ ಕ್ಯಾಚರ್ ಮುಖವಾಡವೊಂದನ್ನು ರೂಪಿಸಿದರು. 1878ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಮುಖಕ್ಕೆ ಮರೆ ಸಿಕ್ಕ ಮೇಲೆ, ಕೈಗೆ ಗವಸು ಬಂದ ಮೇಲೆ ಕ್ಯಾಚರ್ ಒಂದೊಂದೇ ಹೆಜ್ಜೆ ಮುಂದೆ ಬಂದ. ಕೊನೆಗೆ ಬ್ಯಾಟಿನ ಕೆಳಗೇ ಕುಳಿತ. ಬೇಸ್ ಕದಿಯುವವರನ್ನು ಹಿಡಿಯಲು ಅದೇ ಒಳ್ಳೆಯ ಜಾಗ. ಆದರೆ ಇಬ್ಬರು ಆಟಗಾರರು ಕೈಯಳತೆಯ ಅಂತರದಲ್ಲಿ, ವಿರುದ್ಧ ಗುರಿಗಳೊಂದಿಗೆ ದುಡಿಯುವ ಇಕ್ಕಟ್ಟು ಹುಟ್ಟಿದ್ದೂ ಅಲ್ಲೇ. ಬಾಕ್ಸಿನ ಗೆರೆ ಬರೀ ನಿಲ್ಲುವ ಗುರುತಾಗಿ ಉಳಿಯದೆ ಇಬ್ಬರ ಹಕ್ಕಿನ ಗಡಿಯಾಯಿತು.

ಸಾಫ್ಟ್‌ಬಾಲ್ ಹುಟ್ಟಿದ್ದು ಇದಾದ ಮೇಲೆ, ಒಂದು ಕೋಣೆಯೊಳಗೆ. 1887ರ ನವೆಂಬರಿನಲ್ಲಿ, ಅಮೆರಿಕನ್ನರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ, ಷಿಕಾಗೊದ ಫ್ಯಾರಗಟ್ ಬೋಟ್ ಕ್ಲಬ್ಬಿನಲ್ಲಿ ಕೆಲವು ಯುವಕರು ಯೇಲ್ ಮತ್ತು ಹಾರ್ವರ್ಡ್ ನಡುವಿನ ಫುಟ್‌ಬಾಲ್ ಪಂದ್ಯದ ಫಲಿತಾಂಶಕ್ಕಾಗಿ ಕಾದಿದ್ದರು. ಯೇಲ್ ಗೆದ್ದ ಸುದ್ದಿ ಬಂತು. ಖುಷಿಯಲ್ಲಿ ಒಬ್ಬ ಬಾಕ್ಸಿಂಗ್ ಗವಸೊಂದನ್ನು ಎಸೆದ, ಇನ್ನೊಬ್ಬ ಕೋಲಿನಿಂದ ಅದನ್ನು ಹೊಡೆದ. ಅಲ್ಲಿದ್ದ ಜಾರ್ಜ್ ಹ್ಯಾನ್‌ಕಾಕ್ ಎಂಬ ವರದಿಗಾರ ಗವಸನ್ನು ಅದರ ದಾರದಿಂದಲೇ ಬಿಗಿದು ಚೆಂಡು ಮಾಡಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಅಂಗಳ ಬರೆದು ಆಟಕ್ಕೆ ಇಳಿಸಿಯೇಬಿಟ್ಟ. ಒಳಾಂಗಣದ ಆಟ ಕ್ರಮೇಣ ಬಯಲಿಗೆ ಬಂತು. 1926ರಲ್ಲಿ ವೈ.ಎಂ.ಸಿ.ಎ.ಯ ವಾಲ್ಟರ್ ಹಕನ್‌ಸನ್ ಅದಕ್ಕೆ ಸಾಫ್ಟ್‌ಬಾಲ್ ಎಂಬ ಹೆಸರು ಸೂಚಿಸಿದರು. 1996ರ ಅಟ್ಲಾಂಟಾ ಕ್ರೀಡೆಗಳಲ್ಲಿ ಮಹಿಳೆಯರ ಸಾಫ್ಟ್‌ಬಾಲ್ ಒಲಿಂಪಿಕ್ಸ್ ಸೇರಿತು.

ಅಂಗಳ ಚಿಕ್ಕದಾದಷ್ಟೂ ಗೆರೆಯ ಬೆಲೆ ಹೆಚ್ಚು. ಬೇಸ್‌ಬಾಲ್‌ನಲ್ಲಿ ಬೇಸ್‌ಗಳ ಅಂತರ 90 ಅಡಿಯಾದರೆ ಇಲ್ಲಿ 60. ಕ್ಯಾಚರನ ಎಸೆತಕ್ಕೆ ಅರ್ಧ ಸೆಕೆಂಡು ತಡವಾದರೂ ಬೇಸ್ ಕೈತಪ್ಪಿತು. ಹೀಗಾಗಿ ಎಸೆತಕ್ಕೆ ಅಡ್ಡಿ ಎಂಬುದು ಸಾಫ್ಟ್‌ಬಾಲ್ ಅಂಪೈರುಗಳಿಗೆ ಪುಸ್ತಕದ ಮೂಲೆಯ ನಿಯಮವಲ್ಲ, ಯಾವ ಪಂದ್ಯದಲ್ಲಾದರೂ ಎದುರಾಗಬಹುದಾದ ಪರೀಕ್ಷೆ.

ಗೆರೆಯಿದ್ದರೂ ಮುಗಿಯದ ವಾದ

ಗೆರೆ ಎಳೆದ ಮಾತ್ರಕ್ಕೆ ಜಗಳ ನಿಂತಿತೇ? ಇಲ್ಲ. ಅದಕ್ಕೆ 1975ರ ಅಕ್ಟೋಬರ್ 14ರ ರಾತ್ರಿ ಸಾಕ್ಷಿ. ಬೇಸ್‌ಬಾಲ್‌ನ ವರ್ಲ್ಡ್ ಸೀರೀಸ್‌ನ ಮೂರನೇ ಪಂದ್ಯ. ಸಿನ್ಸಿನಾಟಿಯಲ್ಲಿ ಆತಿಥೇಯ ರೆಡ್ಸ್ ತಂಡ ಬಾಸ್ಟನ್ನಿನ ರೆಡ್ ಸಾಕ್ಸ್ ತಂಡವನ್ನು ಎದುರಿಸಿತ್ತು. ಸ್ಕೋರು 5-5. ಹತ್ತನೇ ಇನಿಂಗ್ಸ್. ಮೊದಲ ಬೇಸ್‌ನಲ್ಲಿ ಒಬ್ಬ ಓಟಗಾರ.

ರೆಡ್ಸ್‌ನ ಎಡ್ ಆರ್ಮ್‌ಬ್ರಿಸ್ಟರ್ ಚೆಂಡನ್ನು ಮೆಲ್ಲಗೆ ಕುಟ್ಟಿದರು. ಅದು ಪ್ಲೇಟಿನ ಮುಂದೆಯೇ ಎತ್ತರಕ್ಕೆ ಪುಟಿಯಿತು. ಓಡಬೇಕಾದ ದಾಂಡಿಗ ಒಂದು ಕ್ಷಣ ತಡೆದು ನಿಂತರು. ಬಾಸ್ಟನ್ನಿನ ಕ್ಯಾಚರ್ ಕಾರ್ಲ್‌ಟನ್ ಫಿಸ್ಕ್ ಚೆಂಡಿಗಾಗಿ ನುಗ್ಗಿದರು. ಇಬ್ಬರಿಗೂ ಡಿಕ್ಕಿಯಾಯಿತು. ಫಿಸ್ಕ್ ಹೇಗೋ ಚೆಂಡು ಹಿಡಿದು ಎರಡನೇ ಬೇಸ್‌ಗೆ ಎಸೆದರು. ಎಸೆತ ಗುರಿ ತಪ್ಪಿ ಹೊರ ಮೈದಾನಕ್ಕೆ ಹೋಯಿತು. ಓಟಗಾರ ಮೂರನೇ ಬೇಸ್ ತಲುಪಿದ. ಬಾಸ್ಟನ್ ಆಟಗಾರರು ಅಂಪೈರ್ ಲ್ಯಾರಿ ಬಾರ್ನೆಟ್ ಅವರನ್ನು ಸುತ್ತುವರಿದರು. ಆದರೆ ಬೇಕೆಂದು ಮಾಡಿದ ಅಡ್ಡಿ ಇದಲ್ಲ ಎಂಬ ತೀರ್ಪು ಬದಲಾಗಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಜೋ ಮಾರ್ಗನ್ ಹೊಡೆತದಿಂದ ಸಿನ್ಸಿನಾಟಿ 6-5ರಿಂದ ಗೆದ್ದಿತು. ಏಳು ಪಂದ್ಯಗಳ ಆ ಸರಣಿಯೂ ಕೊನೆಗೆ ಅವರದೇ ಆಯಿತು.

ದಾಂಡಿಗ ಚೆಂಡು ಹೊಡೆದ ಕ್ಷಣ ಬಾಕ್ಸಿನ ಆಶ್ರಯ ಮುಗಿಯುತ್ತದೆ, ಅವನು ಓಟಗಾರನಾಗುತ್ತಾನೆ. ಅವನಿಗೆ ಮೊದಲ ಬೇಸ್‌ಗೆ ಹೋಗುವ ಹಕ್ಕು, ಕ್ಯಾಚರನಿಗೆ ಚೆಂಡು ಹಿಡಿಯುವ ಹಕ್ಕು. ಎರಡು ನ್ಯಾಯವಾದ ಹಕ್ಕುಗಳು ಒಂದೇ ಜಾಗದಲ್ಲಿ ಸಂಧಿಸಿದಾಗ ಸುಣ್ಣದ ಗೆರೆ ಏನೂ ಹೇಳಲಾರದು. ಅಂಪೈರ್ ಮತ್ತೆ ಮನಸ್ಸಿನ ಪ್ರಶ್ನೆಗೇ ಬರಬೇಕಾಯಿತು.

ಕ್ರಿಕೆಟ್ಟಿನ ಹಳೆಯ ಕಥೆ

ಇದಕ್ಕೆ ತದ್ವಿರುದ್ಧ ದಿಕ್ಕಿನಿಂದ ನಡೆದುಬಂದದ್ದು ಕ್ರಿಕೆಟ್. ಅಲ್ಲಿ ಈ ಪ್ರಶ್ನೆಗೆ ರಕ್ತದ ಕಲೆಯೂ ಅಂಟಿದೆ. 1624ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ಪ್ರಾಂತ್ಯದ ಹೋರ್ಸ್ಟೆಡ್ ಕೇನ್ಸ್ ಎಂಬ ಹಳ್ಳಿಯಲ್ಲಿ ಎಡ್ವರ್ಡ್ ಟೈ ಎಂಬ ದಾಂಡಿಗ ಚೆಂಡನ್ನು ಮೇಲಕ್ಕೆ ಹೊಡೆದ. ಅದು ಕೆಳಗಿಳಿಯುವಾಗ ಎರಡನೇ ಬಾರಿ ಹೊಡೆಯಲು ಬ್ಯಾಟು ಬೀಸಿದ. ಹಿಂದಿನಿಂದ ಕ್ಯಾಚ್ ಹಿಡಿಯಲು ಓಡಿಬಂದ ಜಾಸ್ಪರ್ ವಿನಾಲ್‌ನ ಹಣೆಗೆ ಅದು ಬಡಿಯಿತು. ಕೆಲವು ದಿನಗಳಲ್ಲಿ ಆತ ತೀರಿಕೊಂಡ. ಕ್ರಿಕೆಟ್ ಆಡುತ್ತ ಸತ್ತವರಲ್ಲಿ ದಾಖಲೆಗೆ ಸಿಗುವ ಮೊದಲ ಹೆಸರು ಇದು. ಅಂದಿನ ವಿಚಾರಣೆ ಇದನ್ನು ಅಪಘಾತವೆಂದೇ ತೀರ್ಮಾನಿಸಿತು. ಬೇಕೆಂದು ಮಾಡಿದ್ದಲ್ಲ ಎಂಬ ವಾದ ಅಷ್ಟು ಹಳೆಯದು.

ಇನ್ನೂ ಅಚ್ಚರಿಯ ಸಂಗತಿಯೆಂದರೆ, 1744ರಲ್ಲಿ ಲಂಡನ್ನಿನಲ್ಲಿ ಸಿದ್ಧವಾದ ಕ್ರಿಕೆಟ್ ನಿಯಮಗಳು ದಾಂಡಿಗನಿಗೆ ಅಡ್ಡ ನಿಲ್ಲುವ ಹಕ್ಕನ್ನೇ ಕೊಟ್ಟಿದ್ದವು! ತಾನು ಓಡುವ ದಾರಿಯಲ್ಲಿ ಕ್ಯಾಚಿಗೆ ಅಡ್ಡಿಯಾಗಬಹುದು. ಬ್ಯಾಟು ಬೀಸುವಷ್ಟು ದೂರದೊಳಗೆ ಮೈಯೊಡ್ಡಿ ಬೌಲರನ ಕ್ಯಾಚ್ ತಪ್ಪಿಸಲೂಬಹುದು. ಆದರೆ ಚೆಂಡನ್ನು ಹೊಡೆಯುವಂತಿಲ್ಲ, ಕೈಯಿಂದ ಮುಟ್ಟುವಂತಿಲ್ಲ. ಅಂದರೆ ಕ್ರಿಕೆಟ್ಟಿಗೂ ಆಗ ದಾಂಡಿಗನ ನೆಲ ಎಂಬ ಕಲ್ಪನೆ ಇತ್ತು. ನಮ್ಮ ಚಿನ್ನಿದಾಂಡಿನ ಕೆಲವು ಕಡೆಯ ರೂಢಿಯಲ್ಲಿ ಗುಳಿಯತ್ತ ವಾಪಸು ಬರುವ ಚಿನ್ನಿಯನ್ನು ಆಡುವವನು ದಾಂಡಿನಿಂದಲೇ ಹೊಡೆದಟ್ಟಬಹುದು ಎಂಬುದನ್ನು ಇಲ್ಲಿ ನೆನೆಯಬಹುದು.

ಮುಂದಿನ ಪರಿಷ್ಕರಣೆಗಳಲ್ಲಿ ಆ ಹಕ್ಕು ಹೋಯಿತು. ಅದರ ಜಾಗಕ್ಕೆ ಉದ್ದೇಶಪೂರ್ವಕವಾಗಿ ಎಂಬ ಪದ ಬಂದು ಕುಳಿತಿತು. ಮಾತಿನಿಂದಲೋ ಕ್ರಿಯೆಯಿಂದಲೋ ಉದ್ದೇಶಪೂರ್ವಕವಾಗಿ ಕ್ಷೇತ್ರರಕ್ಷಕರಿಗೆ ಅಡ್ಡಿಪಡಿಸಿದವನು ಔಟ್. ಆಕಸ್ಮಿಕವಾಗಿದ್ದರೆ, ಗಾಯದಿಂದ ತಪ್ಪಿಸಿಕೊಳ್ಳುವುದಕ್ಕಾಗಿದ್ದರೆ ಔಟಲ್ಲ.

ಇದಕ್ಕೂ ಒಂದು ಅಪವಾದವಿದೆ. 1951ರ ಆಗಸ್ಟ್‌ನಲ್ಲಿ ಓವಲ್ ಮೈದಾನದಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ಆಡುತ್ತಿದ್ದ ಲೆನ್ ಹಟನ್ ಬ್ಯಾಟಿಗೆ ತಾಗಿದ ಚೆಂಡು ಮೇಲೆದ್ದಿತು. ಅದು ಸ್ಟಂಪಿನ ಮೇಲೆ ಬೀಳಬಹುದೆಂದು ಹಟನ್ ಬ್ಯಾಟು ಬೀಸಿದರು. ತನ್ನ ವಿಕೆಟ್ ಕಾಯಲು ದಾಂಡಿಗ ಎರಡನೇ ಬಾರಿ ಹೊಡೆಯಬಹುದು, ಅದು ಹಕ್ಕು. ಆದರೆ ಹಿಂದೆ ವಿಕೆಟ್ ಕೀಪರ್ ರಸೆಲ್ ಎಂಡೀನ್ ಕ್ಯಾಚಿಗೆ ಕೈಯೊಡ್ಡಿ ನಿಂತಿದ್ದರು. ಕ್ಯಾಚ್ ತಪ್ಪಿತು. ಹಟನ್ 27 ಓಟಗಳಿಗೆ ಔಟ್. ಮೋಸದ ಉದ್ದೇಶ ಅವರದಾಗಿರಲಿಲ್ಲ. ಆದರೂ ಕ್ಯಾಚಿನ ಹಕ್ಕು ದೊಡ್ಡದೆಂದು ನಿಯಮ ಹೇಳಿತು. ಟೆಸ್ಟ್ ಇತಿಹಾಸದಲ್ಲಿ ಹೀಗೆ ಔಟಾದ ಮೊದಲಿಗರು ಅವರು. ಎರಡನೆಯವರಿಗಾಗಿ 2023ರವರೆಗೆ, ಬಾಂಗ್ಲಾದೇಶದ ಮುಷ್ಫಿಕುರ್ ರಹೀಮ್‌ರವರೆಗೆ ಕಾಯಬೇಕಾಯಿತು. ವಿಧಿಯ ಆಟ ನೋಡಿ: ಅಂದು ಹಿಂದೆ ನಿಂತಿದ್ದ ಎಂಡೀನ್ 1957ರಲ್ಲಿ ಚೆಂಡನ್ನು ಕೈಯಿಂದ ತಡೆದು, ಟೆಸ್ಟಿನಲ್ಲಿ ಆ ಬಗೆಯಲ್ಲಿ ಔಟಾದ ಮೊದಲ ದಾಂಡಿಗರಾದರು.

ಬೆಂಗಳೂರಿನ ಆ ಡಿಸೆಂಬರ್

ಚೆಂಡನ್ನು ಕೈಯಿಂದ ತಡೆಯುವುದು ಆಗ ಪ್ರತ್ಯೇಕ ಅಪರಾಧ. ಟೆಸ್ಟ್‌ನಲ್ಲಿ ಹಾಗೆ ಔಟಾದವರು ಒಟ್ಟು ಏಳೇ ಮಂದಿ. ಅವರಲ್ಲಿ ಮೂವರು ಔಟಾದದ್ದು ಭಾರತದ ನೆಲದಲ್ಲಿ. 1983ರಲ್ಲಿ ಮುಂಬೈನಲ್ಲಿ ಡೆಸ್ಮಂಡ್ ಹೇನ್ಸ್, 2001ರ ಮಾರ್ಚ್‌ನಲ್ಲಿ ಚೆನ್ನೈಯಲ್ಲಿ ಸ್ಟೀವ್ ವಾ, ಅದೇ ವರ್ಷದ ಡಿಸೆಂಬರಿನಲ್ಲಿ ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಇಂಗ್ಲೆಂಡಿನ ಮೈಕೇಲ್ ವಾನ್.

ವಾನ್ 64 ಓಟ ಗಳಿಸಿ ಚೆನ್ನಾಗಿ ಆಡುತ್ತಿದ್ದರು. ಸರಣ್‌ದೀಪ್ ಸಿಂಗ್ ಎಸೆತವನ್ನು ಸ್ವೀಪ್ ಮಾಡಲು ಹೋಗಿ ತಪ್ಪಿದರು. ಹತ್ತಿರದಲ್ಲೇ ಬಿದ್ದ ಚೆಂಡನ್ನು ಕೈಯಿಂದ ಪಕ್ಕಕ್ಕೆ ಸರಿಸಿದರು. ಅದು ಸ್ಟಂಪಿನತ್ತ ಹೋಗುತ್ತಿರಲಿಲ್ಲ. ಆದರೆ ಆಟದಲ್ಲಿರುವ ಚೆಂಡನ್ನು ಎದುರಾಳಿಯ ಅನುಮತಿಯಿಲ್ಲದೆ ಮುಟ್ಟುವಂತಿಲ್ಲ. ಭಾರತೀಯರು ಮನವಿ ಸಲ್ಲಿಸಿದರು, ಅಂಪೈರ್ ಬೆರಳೆತ್ತಿದರು. ವಾನ್‌ಗೆ ಅದರಿಂದ ಏನೂ ಲಾಭವಿರಲಿಲ್ಲ. ಆದರೂ ಕೈಯಾಡಿಸಿದ್ದು ಬೇಕೆಂದೇ. ಕೇಡಿನ ಉದ್ದೇಶ ಬೇರೆ, ಉದ್ದೇಶಪೂರ್ವಕ ಕ್ರಿಯೆ ಬೇರೆ ಎಂಬ ಪಾಠವನ್ನು ಬೆಂಗಳೂರು ಅಂದು ಕಣ್ಣಾರೆ ಕಂಡಿತು. 2017ರ ಅಕ್ಟೋಬರ್ 1ರಿಂದ ಈ ಅಪರಾಧವನ್ನು ಅಡ್ಡಿಪಡಿಸುವ ನಿಯಮದೊಳಗೇ ಸೇರಿಸಲಾಗಿದೆ. ಹಾಗಾಗಿ ಇಂದು ವಾನ್ ಔಟಾಗಿದ್ದರೆ ಸ್ಕೋರು ಪುಸ್ತಕದಲ್ಲಿ ಹಟನ್ ಸಾಲಿಗೇ ಸೇರುತ್ತಿದ್ದರು.

ಕ್ಷೇತ್ರರಕ್ಷಕನ ಎಸೆತಕ್ಕೆ ಅಡ್ಡಿ ಬಂದ ಪ್ರಸಿದ್ಧ ಪ್ರಕರಣವೊಂದರಲ್ಲಿ ಬೆಂಗಳೂರಿನವರೇ ನಾಯಕರಾಗಿದ್ದರು. 2006ರ ಫೆಬ್ರುವರಿ 6, ಪೆಷಾವರ. ರಾಹುಲ್ ದ್ರಾವಿಡ್ ನಾಯಕತ್ವದ ಭಾರತ ಏಕದಿನ ಪಂದ್ಯದಲ್ಲಿ 328 ಓಟ ಗಳಿಸಿತ್ತು. ಪಾಕಿಸ್ತಾನದ ನಾಯಕ ಇಂಜಮಾಮ್ ಉಲ್ ಹಕ್ ಚೆಂಡು ತಳ್ಳಿ ಕ್ರೀಸಿನಿಂದ ಹೊರಗಿದ್ದರು. ಸುರೇಶ್ ರೈನಾ ಸ್ಟಂಪಿಗೆ ಎಸೆದರು. ಇಂಜಮಾಮ್ ಆ ಎಸೆತವನ್ನು ಬ್ಯಾಟಿನಿಂದ ತಡೆದರು, ಎಸೆತ ಎದುರಿಸಿ ಆಡಿದಂತೆ! ಭಾರತ ಮನವಿ ಮಾಡಿತು. 16 ಓಟಕ್ಕೆ ಔಟ್. ಪಂದ್ಯವನ್ನು ಮಾತ್ರ ಡಕ್‌ವರ್ತ್-ಲೂಯಿಸ್ ಲೆಕ್ಕದಲ್ಲಿ 7 ಓಟಗಳಿಂದ ಪಾಕಿಸ್ತಾನವೇ ಗೆದ್ದಿತು.

ಇಂಜಮಾಮ್ ಬ್ಯಾಟು ಎಲ್ಲರಿಗೂ ಕಾಣಿಸಿತು. ಆದರೆ ಬ್ಯಾಟು ಚಾಚದೆ, ಓಡುವ ನೆಪದಲ್ಲಿ ಮೆಲ್ಲಗೆ ಪಥ ಬದಲಿಸಿ ಬೆನ್ನನ್ನೇ ಸ್ಟಂಪಿಗೆ ಕವಚ ಮಾಡಿಕೊಳ್ಳುವ ದಾಂಡಿಗನ ಮನಸ್ಸನ್ನು ಓದುವುದು ಹೇಗೆ? ಈ ಕಷ್ಟಕ್ಕೆ ಪರಿಹಾರವಾಗಿ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ 2011ರಲ್ಲಿ ಆಟದ ನಿಬಂಧನೆಯೊಂದನ್ನು ತಂದಿತು. ಓಡುವಾಗ ಸಕಾರಣವಿಲ್ಲದೆ ಗಣನೀಯವಾಗಿ ದಿಕ್ಕು ಬದಲಿಸಿ ರನೌಟ್ ಯತ್ನಕ್ಕೆ ಅಡ್ಡಿಯಾದರೆ ಮನವಿಯ ಮೇರೆಗೆ ಔಟ್. ರನೌಟ್ ಆಗುತ್ತಿತ್ತೋ ಇಲ್ಲವೋ ಎಂಬುದು ಮುಖ್ಯವಲ್ಲ. ಪಾಕಿಸ್ತಾನದ ಮೊಹಮ್ಮದ್ ಹಫೀಜ್ 2013ರಲ್ಲಿ ಡರ್ಬನ್‌ನಲ್ಲಿ ಇದಕ್ಕೆ ಸಿಕ್ಕಿಬಿದ್ದರು.

2024ರ ಮೇ 12ರಂದು ಚೆನ್ನೈಯ ಐಪಿಎಲ್ ಪಂದ್ಯದಲ್ಲಿ ನಡೆದದ್ದಂತೂ ಸಾಫ್ಟ್‌ಬಾಲ್ ಅಂಗಳದಿಂದ ಎತ್ತಿ ತಂದ ದೃಶ್ಯದಂತಿತ್ತು. ಎರಡನೇ ಓಟಕ್ಕೆ ಹೊರಟ ರವೀಂದ್ರ ಜಡೇಜ ಜೊತೆಗಾರನ ಕರೆಯಂತೆ ಹಿಂದಕ್ಕೆ ತಿರುಗಿದರು. ರಾಜಸ್ತಾನದ ಕೀಪರ್ ಸಂಜು ಸ್ಯಾಮ್ಸನ್ ಬೌಲರ್ ತುದಿಯ ಸ್ಟಂಪಿಗೆ ಎಸೆದರು. ಚೆಂಡು ಓಡುತ್ತಿದ್ದ ಜಡೇಜರಿಗೆ ಬಡಿಯಿತು. ಅವರು ಓಡಿದ ದಾರಿಯನ್ನು ಟಿ.ವಿ. ಪರದೆಯ ಮೇಲೆ ಪರಿಶೀಲಿಸಿದ ಮೂರನೇ ಅಂಪೈರ್ ಔಟ್ ಎಂದರು. ಮನಸ್ಸನ್ನು ಕೇಳುತ್ತಿದ್ದ ಕ್ರಿಕೆಟ್ ಈಗ ಕಾಲ ಹೆಜ್ಜೆಗಳನ್ನು ಅಳೆಯತೊಡಗಿದೆ. ಸುಣ್ಣ ಹಾಕದಿದ್ದರೂ ಅಲ್ಲೊಂದು ಗೆರೆ ಮೂಡಿದೆ.

ಕೇಳಬೇಕೋ, ಕೇಳದೆಯೂ ಕೊಡಬೇಕೋ?

ಎರಡು ಆಟಗಳ ನಡುವೆ ಇನ್ನೂ ಒಂದು ದೊಡ್ಡ ವ್ಯತ್ಯಾಸ ಉಳಿದಿದೆ. ಸಾಫ್ಟ್‌ಬಾಲ್‌ನಲ್ಲಿ ಅಡ್ಡಿ ಕಂಡ ಅಂಪೈರ್ ತಾನಾಗಿಯೇ ತೀರ್ಪು ಕೊಡುತ್ತಾನೆ. ಯಾರೂ ಕೇಳಬೇಕಿಲ್ಲ. ಕ್ರಿಕೆಟ್ಟಿನಲ್ಲಿ ಮನವಿಯಿಲ್ಲದೆ ಯಾರನ್ನೂ ಔಟ್ ಕೊಡುವಂತಿಲ್ಲ. ಮಾಡಿದ ಮನವಿಯನ್ನು ನಾಯಕ ಅಂಪೈರ್ ಒಪ್ಪಿಗೆಯೊಂದಿಗೆ ಹಿಂದಕ್ಕೂ ಪಡೆಯಬಹುದು. ಅಂದರೆ ಮನಸ್ಸಿನ ಪರೀಕ್ಷೆ ದಾಂಡಿಗನದಷ್ಟೇ ಅಲ್ಲ, ಎದುರಾಳಿಯದೂ ಹೌದು.

ಈ ಅಧಿಕಾರದ ಬೆಲೆ ಏನೆಂದು ತೋರಿಸಿದವರು ಭದ್ರಾವತಿಯ ಜಿ.ಆರ್. ವಿಶ್ವನಾಥ್. 1980ರ ಫೆಬ್ರುವರಿಯಲ್ಲಿ ಮುಂಬೈನಲ್ಲಿ ಇಂಗ್ಲೆಂಡ್ ವಿರುದ್ಧದ ಸುವರ್ಣ ಮಹೋತ್ಸವ ಟೆಸ್ಟಿಗೆ ಅವರೇ ನಾಯಕರು. ಬಾಬ್ ಟೇಲರ್ ಅವರನ್ನು ಅಂಪೈರ್ ಕ್ಯಾಚ್ ಔಟ್ ಎಂದು ಸಾರಿದ್ದರು. ವಿಕೆಟ್ ಹಿಂದೆ ಚೆಂಡು ಹಿಡಿದವರು ಕರ್ನಾಟಕದವರೇ ಆದ ಸಯ್ಯದ್ ಕಿರ್ಮಾನಿ. ಆದರೆ ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಮನಗಂಡ ವಿಶ್ವನಾಥ್ ಟೇಲರ್‌ರನ್ನು ವಾಪಸು ಕರೆದರು. ಟೇಲರ್ ಮತ್ತು ಇಯಾನ್ ಬಾಥಮ್ ಆರನೇ ವಿಕೆಟ್ಟಿಗೆ 171 ಓಟ ಸೇರಿಸಿದರು. ಭಾರತ 10 ವಿಕೆಟ್‌ಗಳಿಂದ ಸೋತಿತು. ಅದು ಅಡ್ಡಿಯ ಪ್ರಕರಣವಲ್ಲ, ನಿಜ. ಆದರೆ ಗೆರೆ ಎಳೆಯದ ಆಟ ಕೊನೆಗೆ ಯಾರನ್ನು ನಂಬಿ ನಿಂತಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಅಂಥ ನಾಯಕ ಎಲ್ಲ ತಂಡಗಳಿಗೂ ಎಲ್ಲ ದಿನವೂ ಸಿಗುವುದಿಲ್ಲ ಎಂಬುದು ಗೆರೆಯ ಪರವಾದ ವಾದ.

ಪದಗಳ ವಿಷಯದಲ್ಲೂ ಒಂದು ತಮಾಷೆಯಿದೆ. ಕ್ರಿಕೆಟ್ಟಿನಲ್ಲಿ ದಾಂಡಿಗ ಮಾಡುವ ಅಪರಾಧಕ್ಕೆ ಅಬ್‌ಸ್ಟ್ರಕ್ಷನ್ ಎಂದು ಹೆಸರು. ಸಾಫ್ಟ್‌ಬಾಲ್‌ನಲ್ಲಿ ಅದೇ ಪದ ಓಟಗಾರನ ದಾರಿಗೆ ಕ್ಷೇತ್ರರಕ್ಷಕ ಅಡ್ಡ ಬಂದಾಗ ಬಳಕೆಯಾಗುತ್ತದೆ. ದಾಂಡಿಗನ ತಪ್ಪಿಗೆ ಅಲ್ಲಿ ಇಂಟರ್‌ಫಿಯರೆನ್ಸ್ ಎನ್ನುತ್ತಾರೆ. ಕ್ರಿಕೆಟ್ ಬಲ್ಲ ನಮ್ಮ ಮಕ್ಕಳು ಸಾಫ್ಟ್‌ಬಾಲ್ ಅಂಗಳಕ್ಕಿಳಿದಾಗ ಗಲಿಬಿಲಿಗೊಂಡರೆ ಅದು ಅವರ ತಪ್ಪಲ್ಲ. ಇಟ್ಟಿಗೆ ವಿಕೆಟ್ಟಿನ ಮುಂದೆ ಬೆಳೆದ ಹುಡುಗಿಯೊಬ್ಬಳು ಶಾಲಾ ತಂಡದಲ್ಲಿ ಬ್ಯಾಟು ಬೀಸಿ, ಆಯ ತಪ್ಪಿ ಗೆರೆ ದಾಟಿ, 'ನಾನು ಬೇಕಂತ ಮಾಡಲಿಲ್ಲ ಸಾರ್' ಎಂದರೆ ಅಂಪೈರ್ ಒಪ್ಪುವುದಿಲ್ಲ. ಅವಳು ಸುಳ್ಳು ಹೇಳುತ್ತಿಲ್ಲ, ಅಂಪೈರ್ ಅನ್ಯಾಯ ಮಾಡುತ್ತಿಲ್ಲ. ಅವಳು ಕಲಿತ ಆಟ ಕೇಳುತ್ತಿದ್ದ ಪ್ರಶ್ನೆಯೇ ಬೇರೆ. ಇದನ್ನು ಮೊದಲೇ ತಿಳಿಸಿಕೊಡಬೇಕಾದವರು ದೈಹಿಕ ಶಿಕ್ಷಣದ ಮೇಷ್ಟ್ರುಗಳು.

ಈಗ ರಾಜಾಜಿನಗರದ ಜಗಳಕ್ಕೆ ಮರಳೋಣ. ಬೆನ್ನಿಗೆ ಚೆಂಡು ಬಡಿಸಿಕೊಂಡ ಹುಡುಗನಿಗೆ ಏನು ತೀರ್ಪು? ಸಾಫ್ಟ್‌ಬಾಲ್ ಅಂಪೈರ್ ಮೊದಲು ಅವನ ಕಾಲು ನೋಡುತ್ತಾನೆ. ಕದಲದೆ ತನ್ನ ಜಾಗದಲ್ಲೇ ನಿಂತಿದ್ದರೆ ಆಟ ಮುಂದುವರಿಯಲಿ ಎನ್ನುತ್ತಾನೆ. ಕ್ರಿಕೆಟ್ ಅಂಪೈರ್ ಮನವಿಗೆ ಕಾಯುತ್ತಾನೆ, ಆಮೇಲೆ ಎಸೆತವನ್ನು ಕಂಡೂ ಅಡ್ಡ ಸರಿದನೇ ಎಂದು ಕೇಳುತ್ತಾನೆ. ಸರಿಯದಿದ್ದರೆ ಅವನೂ ನಾಟೌಟ್ ಎನ್ನುತ್ತಾನೆ. ಎರಡು ದಾರಿಗಳೂ ಬಹುಪಾಲು ಒಂದೇ ಕಡೆ ಸೇರುತ್ತವೆ.

ಕ್ರಾಸಿನ ಹುಡುಗರ ಬಳಿ ಅಂಪೈರೂ ಇಲ್ಲ, ಟಿ.ವಿ. ಪರದೆಯೂ ಇಲ್ಲ. ಬ್ಯಾಟಿನ ಒಡೆಯ ಬ್ಯಾಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮನೆಗೆ ಹೊರಡುವ ಬೆದರಿಕೆ ಹಾಕುವಷ್ಟರಲ್ಲಿ ಯಾರೋ ಒಬ್ಬ ದೊಡ್ಡ ಹುಡುಗ ಮಧ್ಯೆ ಬರುತ್ತಾನೆ. 'ಆಯ್ತು ಬಿಡ್ರೋ, ರೀ ಬಾಲ್.' ಓಟ ಲೆಕ್ಕಕ್ಕಿಲ್ಲ, ಔಟೂ ಇಲ್ಲ, ಓಡಿದವನು ತನ್ನ ತುದಿಗೆ ವಾಪಸು. ಚರಂಡಿಯಿಂದ ಚೆಂಡು ತೆಗೆದು ತೊಳೆಯುವ ಕೆಲಸ ಮಾತ್ರ ಎಸೆದ ಕೀಪರನದು.